ಕಲ್ಲಿನ ಬೆನ್ನು

ಹೊಲಿಗೆ ಅಂಗಡಿಯ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಜಿಪ್ಪು ಎಳೆದು ಕಿತ್ತುಕೊಂಡು ಬಂದು "ನೀವು ಹಾಕಿದ್ದೇ ಸರಿ ಇರ್ಲಿಲ್ಲ" ಎನ್ನುವ ಗಿರಾಕಿಗೆ ಅವಳು ಕೊಡುವ ಉತ್ತರ ಎದುರಿನ ಔಷಧಿ ಅಂಗಡಿಯವರೆಗೂ ಕೇಳುತ್ತದೆ. ಆದರೆ ಆ ಸಿಟ್ಟು ಏರಿದಷ್ಟೇ ಬೇಗ ಇಳಿಯುತ್ತದೆ. ಬೈಗುಳ ಮುಗಿಯುವುದರೊಳಗೆ ಆಕೆ ಹಳೆಯ ಜಿಪ್ಪು ಬಿಚ್ಚಲು ಕೂತಾಗಿರುತ್ತದೆ. ಇಳಿಯದೆ ಉಳಿದ ಸಿಟ್ಟು ಒಂದೇ ಒಂದು. ಅದು ಒಡಹುಟ್ಟಿದ ತಮ್ಮನ ಮೇಲಿನದು, ಮತ್ತು ನನ್ನನ್ನು ಕೇಳಿದರೆ ಅದು ಇಳಿಯಬೇಕಾಗಿಯೂ ಇಲ್ಲ.

ಭಾನುವಾರದ ಪ್ರಾರ್ಥನೆ ಮುಗಿದ ಕೂಡಲೇ ಅಕ್ಕ ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋಗುತ್ತಾಳೆ. ಅಲ್ಲಿ ಅವಳ ಅಮ್ಮ ಇದ್ದಾಳೆ. ಅಜ್ಜನ ಹಳೆಯ ಸಮಾಧಿಯಲ್ಲೇ ಅಮ್ಮನನ್ನೂ ಮಲಗಿಸಿ, ಅಜ್ಜನ ಕಲ್ಲಿನ ಮೇಲೆಯೇ, ಅವನ ಹೆಸರಿನ ಕೆಳಗೆ, ಅಮ್ಮನ ಹೆಸರು ಕೆತ್ತಿಸಿದ್ದರು. ಅಕ್ಷರಗಳಿರುವ ಮುಖ ಪೂರ್ವಕ್ಕಿದೆ. ಆ ಸ್ಮಶಾನದಲ್ಲಿ ಎಲ್ಲ ಕಲ್ಲುಗಳೂ ಹಾಗೇ ನಿಂತಿವೆ. ಅಕ್ಕ ಆ ಮುಖವನ್ನು ಬ್ರಷ್ಷು ಹಾಕಿ ಉಜ್ಜಿ, ನೀರು ಹೊಯ್ದು, ಗಾಜಿನ ಜಾಡಿಯಲ್ಲಿ ಹೂವಿಟ್ಟು, ವಾರದ ಸುದ್ದಿಯನ್ನೆಲ್ಲ ಅಮ್ಮನಿಗೆ ಒಪ್ಪಿಸಿ ಬರುತ್ತಾಳೆ. ಯಾರ ಮದುವೆ ಮುರಿಯಿತು, ಯಾರು ಹೊಲಿಸಿದ ಬಟ್ಟೆ ಒಯ್ಯದೆ ಸತಾಯಿಸುತ್ತಿದ್ದಾರೆ, ಎಲ್ಲವೂ ಅಲ್ಲಿ ವರದಿಯಾಗುತ್ತದೆ. ಕಲ್ಲಿನ ಬೆನ್ನನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಬೆನ್ನು ಉಜ್ಜಿ ಯಾರಿಗೆ ತೋರಿಸಬೇಕು? ಅಲ್ಲಿ ಅಜ್ಜನ ಕಾಲದಿಂದ ಪಾಚಿ ದಪ್ಪಗೆ ಬೆಳೆದಿತ್ತು. ನಡುವೆ ಒಂದು ಬಿರುಕು, ಬಿರುಕು ಅಗಲವಾಗದಿರಲೆಂದು ಅವಳೇ ಗಾರೆ ಮೇಸ್ತ್ರಿಯ ಬೆನ್ನು ಹತ್ತಿ ಹಾಕಿಸಿದ ಕಬ್ಬಿಣದ ಪಟ್ಟಿ.

ಹೋದ ಚಳಿಗಾಲದ ಒಂದು ಭಾನುವಾರ ಅವಳು ಹೋದಾಗ ಜಾಡಿ ಇರಲಿಲ್ಲ. ಹುಡುಕಿದರೆ ಬೇಲಿಯೊಳಗೆ ಮಗುಚಿ ಬಿದ್ದಿತ್ತು, ಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. ಗುಡಿಸಿದ ನೆಲದ ಮೇಲೆ ಯಾರೋ ಬುಟ್ಟಿಗಟ್ಟಲೆ ಒಣ ಎಲೆ ಸುರಿದಿದ್ದರು. ಅಕ್ಕ ನೇರವಾಗಿ ಹೋಗಿ ಕಾವಲುಗಾರನನ್ನು ಹಿಡಿದುಕೊಂಡಳು.

"ನಾನಲ್ಲಮ್ಮಾ, ನನ್ನಾಣೆ," ಎಂದ ಪಾಪದ ಮುದುಕ. "ಯಾರೋ ಕ್ಯಾಮೆರಾದವ್ರು ಬೆಳಬೆಳಗ್ಗೆ ಬಂದಿದ್ರು. ಮಂಜು ಇಳ್ದಿತ್ತು. ಮುಖ ಸರಿ ಕಾಣ್ಲಿಲ್ಲ."

"ಸತ್ತೋರ ಫೋಟೋ ಯಾರು ತೆಗೀತಾರೆ? ಸುಳ್ಳು ಹೇಳೋಕೂ ಒಂದು ಮಿತಿ ಇರ್ಬೇಕು!" ಎಂದು ಅಕ್ಕ ಬಾಯಿಗೆ ಬಂದಂತೆ ಬೈದು ಬಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಅವಳಿಗೆ ಗೊತ್ತಾಗಿದ್ದು ಆಮೇಲೆ.

ಸತ್ತವರ ಫೋಟೋ ತೆಗೆಯುವವರು ಇರುತ್ತಾರೆ. ಅವಳ ತಮ್ಮನ ಕಸುಬೇ ಅದು. ದೊಡ್ಡ ಊರಿನಲ್ಲಿದ್ದುಕೊಂಡು ಹಳೆಯ ಚರ್ಚು, ಹಳೆಯ ಸ್ಮಶಾನ ಹುಡುಕಿಕೊಂಡು ತಿರುಗುತ್ತಾನೆ. ಮಂಜು ಬೇಕು, ವಾಲಿದ ಶಿಲುಬೆ ಬೇಕು, ತುಕ್ಕು ಹಿಡಿದ ಗೇಟು ಬೇಕು, ಬೋಳು ಕೊಂಬೆಯ ಮೇಲೆ ಒಂದು ಕಾಗೆ ಬೇಕು. ಕಾಗೆ ಬರುವವರೆಗೆ ಗಂಟೆಗಟ್ಟಲೆ ಕಾಯುತ್ತಾನಂತೆ. ಅದೇ ಮನುಷ್ಯ ಅಮ್ಮನನ್ನು ಮಣ್ಣು ಮಾಡಿದ ದಿನ ಗುಂಡಿ ಮುಚ್ಚುವವರೆಗೆ ಕಾಯಲಿಲ್ಲ. ರೈಲಿಗೆ ಹೊತ್ತಾಯಿತೆಂದು ಹೊರಟುಬಿಟ್ಟ. ಕಲ್ಲು ಆಗ ಹೆಸರು ಕೆತ್ತಲು ಹೋಗಿತ್ತು. ಅದು ಮರಳಿ ನಿಂತದ್ದನ್ನು ನೋಡಲು ಅವನು ಬರಲೇ ಇಲ್ಲ. ಚಿಕ್ಕವನಿದ್ದಾಗಲೂ ಅಷ್ಟೇ, ಅಜ್ಜನ ಸಮಾಧಿಗೆ ಹೋಗೋಣ ಬಾ ಎಂದು ಅಮ್ಮ ಕರೆದರೆ ದೆವ್ವದ ಭಯಕ್ಕೆ ಗೇಟಿನಲ್ಲೇ ನಿಂತುಬಿಡುತ್ತಿದ್ದ.

ಆದರೂ ತಮ್ಮ ತಮ್ಮನೇ. ಅವನ ಚಿತ್ರಗಳ ಪ್ರದರ್ಶನ ನಮ್ಮ ಚರ್ಚಿನ ಸಭಾಂಗಣದಲ್ಲೇ ನಡೆಯುತ್ತದೆ ಎಂದು ತಿಳಿದಾಗ ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಅಂಗಡಿಗೆ ಬೀಗ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಅಮ್ಮನ ತಂಗಿ ಚಿಕ್ಕಮ್ಮನನ್ನೂ ಹೊರಡಿಸಿಕೊಂಡು ಹೋದಳು. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ "ನನ್ನ ತಮ್ಮಂದು, ನನ್ನ ತಮ್ಮಂದು" ಎಂದದ್ದೇ ಎಂದದ್ದು.

ಸಭಾಂಗಣ ತುಂಬ ಜನ. ಎದುರು ಗೋಡೆಗೆ, ಬೆಳಕು ಬಿಟ್ಟು, ಬಾಗಿಲಿನಷ್ಟು ದೊಡ್ಡ ಚಿತ್ರ. ದೊಡ್ಡ ಊರಿನಲ್ಲಿ ಅವನಿಗೊಂದು ಬಹುಮಾನ ತಂದುಕೊಟ್ಟ ಚಿತ್ರ ಅದೇ. ಎದುರಿನಿಂದ ಹುಟ್ಟುವ ಸೂರ್ಯ, ಬೆಳಕು ಹೊತ್ತ ಮಂಜು, ಮಂಜಿನಲ್ಲಿ ಕಪ್ಪಗೆ ನಿಂತ ಒಂದು ಕಲ್ಲು, ಸುತ್ತ ಒಣ ಎಲೆಯ ರಾಶಿ. ಚಂದವಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಕೆಳಗಿನ ಫಲಕದಲ್ಲಿ ಹೀಗೆ ಬರೆದಿತ್ತು: "ಯಾರೂ ಇಲ್ಲದವರು. ಬರುವವರಿಲ್ಲ, ಅಳುವವರಿಲ್ಲ. ಇವರನ್ನು ಮರೆಯದಿರುವುದು ಮಂಜೊಂದೇ."

"ಅಯ್ಯೋ ಪಾಪ, ಎಂಥಾ ಮಕ್ಕಳನ್ನ ಹೆತ್ತಿದ್ರೋ," ಎಂದು ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡಳು.

ಅಕ್ಕನೂ ಇನ್ನೇನು ಕಣ್ಣೊರೆಸಿಕೊಳ್ಳಬೇಕು. ಅಷ್ಟರಲ್ಲಿ ಬಿರುಕು ಕಂಡಿತು. ಬಿರುಕಿನ ಮೇಲೆ ಕಬ್ಬಿಣದ ಪಟ್ಟಿ ಕಂಡಿತು. ಪಟ್ಟಿಯ ಒಂದು ಮೊಳೆ ಸೊಟ್ಟಗಿತ್ತು; ಅದನ್ನು ನೆಟ್ಟಗೆ ಮಾಡೆಂದು ಅವಳು ಮೇಸ್ತ್ರಿಯೊಡನೆ ಜಗಳವಾಡಿದ್ದಳು.

ಚಿಕ್ಕಮ್ಮನೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ಇದು ನಮ್ಮಕ್ಕಂದಲ್ವೇನೇ? ವಾರವಾರ ಹೋಗ್ತೀನಿ ಅಂತಿದ್ದೆ. ಇಷ್ಟೊಂದು ಕಸ ಬಿದ್ದಿದೆಯಲ್ಲೇ!"

ಅಂಗಾಲಿನ ಉರಿ ನೆತ್ತಿಗೇರುವುದು ಎಂದರೇನೆಂದು ಅಕ್ಕನಿಗೆ ಆಗ ತಿಳಿಯಿತು. ಜಾಡಿ ಎಸೆದವನು ಇವನು. ಎಲೆ ಸುರಿದವನು ಇವನು. ಊರಿಗೆ ಬಂದು ಅಕ್ಕನ ಮನೆಯ ಹೊಸಿಲು ತುಳಿಯದೆ, ಕಳ್ಳನ ಹಾಗೆ ಬಂದು ಕಳ್ಳನ ಹಾಗೆ ಹೋದವನೂ ಇವನೇ.

ತಮ್ಮ ಜನರ ನಡುವೆ ನಿಂತು ಮಾತಾಡುತ್ತಿದ್ದ. ಅವಳು ಅವನ ತೋಳು ಹಿಡಿದು ಕಿಟಕಿಯ ಬಳಿಗೆ ಎಳೆದಳು.

"ಅದು ಯಾರ ಸಮಾಧಿನೋ?"

"ಅಕ್ಕಾ! ಯಾವಾಗ ಬಂದೆ? ಅದಾ... ಯಾರದ್ದಾದ್ರೇನು? ಹೆಸರು ಮುಖ್ಯ ಅಲ್ಲ ಅಲ್ಲಿ. ಆ ಒಂಟಿತನ ಇದೆಯಲ್ಲ, ಅದು."

"ಹೆಸರು ಓದಿದ್ಯಾ?"

"ಬೆಳಗಿನ ಬೆಳಕು ಎದುರಿಗೆ ಬರ್ಬೇಕು ಅಂದ್ರೆ ಕಲ್ಲಿನ ಹಿಂದೇನೇ ನಿಲ್ಬೇಕಕ್ಕಾ. ನಾನು ಯಾವ ಸ್ಮಶಾನದಲ್ಲೂ ಮುಂದಕ್ಕೆ ಹೋಗಲ್ಲ. ಹೆಸರು ಗೊತ್ತಾದ್ರೆ ಮನಸ್ಸು ಕೆಡತ್ತೆ."

"ಅಲ್ಲೊಂದು ಹೂವಿನ ಜಾಡಿ ಇರ್ಲಿಲ್ವಾ?"

ಅವನು ನಕ್ಕ. "ಇತ್ತು. ಹಸಿ ಹೂವು, ಕೆಂಪಗೆ. ಚಿತ್ರ ಹಾಳು ಮಾಡ್ತಿತ್ತು. ತೆಗೆದೆ. ನಿಂಗೆ ಹೆಂಗೆ ಗೊತ್ತು?"

ಅಕ್ಕ ಹಿಡಿದ ತೋಳು ಬಿಡದೆ ಹಿಂದಿನ ಬಾಗಿಲಿನಿಂದ ಅವನನ್ನು ಸ್ಮಶಾನಕ್ಕೆ ನಡೆಸಿದಳು. ಅವನೋ, ಅಭ್ಯಾಸಬಲ, ಸೀದಾ ಹೋಗಿ ಕಲ್ಲಿನ ಬೆನ್ನಿಗೆ ನಿಂತ. "ಹ್ಞೂ, ಇದೇ ಜಾಗ," ಎಂದ, ಕಣ್ಣರಳಿಸಿ.

"ಈ ಕಡೆ ಬಾ," ಎಂದಳು ಅಕ್ಕ.

ಅವನು ಬಂದ. ಓದಿದ. ಅಜ್ಜನ ಹೆಸರು, ಅದರ ಕೆಳಗೆ ಅಮ್ಮನ ಹೆಸರು, ಹೋದ ಭಾನುವಾರವಷ್ಟೇ ತೊಳೆದದ್ದು. ಬುಡದಲ್ಲಿ ಅದೇ ಜಾಡಿ. ಅವನ ಮುಖ ಬಿಳಿಚಿಕೊಂಡಿತು, ಕೈ ಹೋಗಿ ಕಲ್ಲನ್ನು ಹಿಡಿಯಿತು. ಅಕ್ಕನ ಕರುಳು ಚುರ್ ಎಂದಿತು. ಎಷ್ಟೆಂದರೂ ಎತ್ತಿ ಆಡಿಸಿದ ತಮ್ಮ. ಈಗ ಅಳುತ್ತಾನೆ, ಅತ್ತರೆ ಸಮಾಧಾನ ಮಾಡೋಣ, ಫಲಕ ಕಿತ್ತು ಹಾಕಿ ಬರುತ್ತಾನೆ, ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಅವಳಿಗೆ ಬೇಕಾಗಿದ್ದುದೂ ಅಷ್ಟೇ. ಅಮ್ಮನಿಗೆ ಯಾರೂ ಇಲ್ಲ ಎಂಬ ಆ ಮಾತು ಗೋಡೆಯ ಮೇಲಿರಬಾರದು.

"ಆ ಫಲಕ ತೆಗೀತೀಯಲ್ವೇನೋ?"

ತಮ್ಮ ಕಲ್ಲಿನ ಮೇಲಿಂದ ಕೈ ತೆಗೆದ. ಆಮೇಲೆ ಮೆಲ್ಲಗೆ ಹೇಳಿದ: "ತೆಗೆಯೋದು ಬೇಡ ಅಕ್ಕಾ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸ್ತೀನಿ. 'ನನ್ನ ತಾಯಿ' ಅಂತ. ಯೋಚ್ನೆ ಮಾಡು, ಚಿತ್ರಕ್ಕೆ ಎಷ್ಟು ತೂಕ ಬರತ್ತೆ!"

ಅಕ್ಕ ಅವನನ್ನೇ ನೋಡಿದಳು. ಬೈಯಲು ಬಾಯಿ ತೆರೆದಳು, ಮಾತೇ ಬರಲಿಲ್ಲ. ಔಷಧಿ ಅಂಗಡಿಯವರೆಗೆ ಕೇಳುವ ಆ ಬಾಯಿಗೆ ಮಾತು ಬರಲಿಲ್ಲವೆಂದರೆ ಲೆಕ್ಕ ಹಾಕಿಕೊಳ್ಳಿ. ಅವಳು ನಲ್ಲಿಯ ಬಳಿ ಹೋಗಿ ಬಕೆಟ್ಟು ತುಂಬಿಸಿದಳು. ಗೋಡೆಯ ಗೂಡಿನಲ್ಲಿಟ್ಟಿದ್ದ ತನ್ನ ಬ್ರಷ್ಷು ತಂದಳು. ಒಳ್ಳೆಯ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಬೆನ್ನಿಗೆ ಮಂಡಿಯೂರಿ, ಉಜ್ಜತೊಡಗಿದಳು.

"ಅಕ್ಕಾ, ಏನ್ ಮಾಡ್ತಿದೀಯ? ಅಯ್ಯೋ, ಆ ಪಾಚಿ! ಅಂಥ ಪಾಚಿ ಬೆಳೀಬೇಕಾದ್ರೆ ಒಂದು ಆಯಸ್ಸು ಬೇಕು! ಮುಟ್ಬೇಡ!" ತಮ್ಮ ಕಿರುಚಿದ. ಅವನ ಕಣ್ಣಲ್ಲಿ ಈಗ ನಿಜವಾಗಿಯೂ ನೀರಿತ್ತು.

"ಪಾಚಿಗಾದ್ರೂ ಅತ್ತ್ಯಲ್ಲೋ," ಎಂದಳು ಅಕ್ಕ, ತಲೆ ಎತ್ತದೆ.

ಕಿರುಚಾಟ ಕೇಳಿ ಸಭಾಂಗಣದಿಂದ ಜನ ಹೊರಬಂದರು. ಚಿತ್ರದಲ್ಲಿ ಕಂಡ ಕಲ್ಲು ಇದೇ ಎಂದು ಅವರಿಗೆ ಬಿರುಕಿನಿಂದಲೇ ಗುರುತು ಸಿಕ್ಕಿತು. ಕಾವಲುಗಾರನೂ ಬಂದ. ಅಕ್ಕ ಅವನನ್ನು ನೋಡಿ "ತಪ್ಪಾಯ್ತಣ್ಣ, ಅವತ್ತು ನಿನ್ನ ಬೈದೆ" ಎಂದಳು. ಅವನು ಇನ್ನೊಂದು ಬಕೆಟ್ಟು ನೀರು ತರಲು ಹೋದ.

ಮುಂಚೆ ಕಣ್ಣೊರೆಸಿಕೊಂಡಿದ್ದ ಹೆಂಗಸು ಹತ್ತಿರ ಬಂದು ಬಗ್ಗಿ ನೋಡಿದಳು. "ನೀವು ತುಂಬಾ ದೊಡ್ಡವ್ರಮ್ಮಾ. ಯಾರೂ ಇಲ್ಲದವರ ಕಲ್ಲನ್ನ ನೀವಾದ್ರೂ ತೊಳೀತಿದೀರಲ್ಲ. ಯಾರದ್ದು ಅಂತ ಏನಾದ್ರೂ ಗೊತ್ತಾಯ್ತಾ?"

ಅಕ್ಕ ಬ್ರಷ್ಷು ನಿಲ್ಲಿಸಿದಳು. ಹಸಿರು ನೀರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ನಮ್ಮಮ್ಮಂದು. ವಾರವಾರ ಬರ್ತೀನಿ," ಎಂದಳು. ಆಮೇಲೆ ಬ್ರಷ್ಷಿನಿಂದಲೇ ತಮ್ಮನ ಕಡೆ ತೋರಿಸಿದಳು. "ಅವನ ಅಮ್ಮಂದೂ ಹೌದು. ಅವನಿಗೆ ಇವತ್ತು ಗೊತ್ತಾಯ್ತು."

ಎಲ್ಲರೂ ತಿರುಗಿ ಅವನನ್ನು ನೋಡಿದರು. ತಮ್ಮ ಜನರ ನಡುವೆ ದಾರಿ ಮಾಡಿಕೊಂಡು ಸಭಾಂಗಣಕ್ಕೆ ಹೋದ. ಫಲಕ ಕೀಳುವ ಸದ್ದು ಹೊರಗೂ ಕೇಳಿಸಿತು. ಅಕ್ಕ ಮತ್ತೆ ಬ್ರಷ್ಷು ಹಿಡಿದಳು. ಇನ್ನೂ ಅರ್ಧ ಬೆನ್ನು ಉಳಿದಿತ್ತು.