ಊರೆಲ್ಲ ನಕ್ಕ ಜಗಳ

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಇಲ್ಲ ಎಂದು ಅವಳೂ ಹೇಳುತ್ತಿರಲಿಲ್ಲ. ಅಲ್ಲ, ಡ್ರೈವಿಂಗ್ ಕಲಿಸುವವಳಿಗೆ ಕೋಪ ಇಲ್ಲದಿದ್ದರೆ ಆಗುತ್ತದೆಯೇ? ಕ್ಲಚ್ಚು ಯಾವುದು ಬ್ರೇಕು ಯಾವುದು ತಿಳಿಯದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನವಿಡೀ ಬೀದಿ ಸುತ್ತುವವಳು "ದಯವಿಟ್ಟು ನಿಲ್ಲಿಸ್ತೀರಾ" ಎಂದು ರಾಗ ಎಳೆಯುತ್ತ ಕೂತರೆ ಎದುರಿಗೆ ಬಂದವನ ಗತಿ ಏನು? ಅವಳು ಒಮ್ಮೆ ಗದರಿದರೆ ಎಂಥವರ ಕಾಲೂ ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಅಂಥ ಕೋಪಕ್ಕೆ ಈಗ ಕವಡೆ ಕಿಮ್ಮತ್ತಿಲ್ಲ. ಹಾಗೆ ಮಾಡಿದವಳು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಂಗಿ.

ತಂಗಿ ಸಿನಿಮಾ ನಟಿ. ಇಷ್ಟು ದಿನ ಯಾರದೋ ನಾದಿನಿ, ಯಾರದೋ ಗೆಳತಿಯಾಗಿ ಹಿಂದೆ ನಿಲ್ಲುತ್ತಿದ್ದವಳು ಈ ಸಲ ನಾಯಕಿ. ಮನೆಮಂದಿಯೆಲ್ಲ ಕೂತು ನಕ್ಕು ಹಗುರಾಗುವ ಚಿತ್ರವಂತೆ. ಅದರಲ್ಲಿ ಅವಳದು ಡ್ರೈವಿಂಗ್ ಕಲಿಸುವ ಬಾಯಿಬಡುಕಿಯ ಪಾತ್ರ. ಹೋದ ವರ್ಷ "ಅಕ್ಕಾ, ನಿನ್ನ ಜತೆ ನಾಲ್ಕು ದಿನ ಇದ್ದು ಹೋಗ್ತೀನಿ" ಎಂದು ಬಂದವಳು ಕಾರಿನ ಹಿಂದಿನ ಸೀಟು ಬಿಟ್ಟು ಏಳಲೇ ಇಲ್ಲ. ಪಾಪ, ಅಕ್ಕನ ನೆನಪಾಗಿದೆ ಎಂದು ಮರುಳಾಗಿ ಇವಳು ಬಗೆಬಗೆಯಾಗಿ ಅಡುಗೆ ಮಾಡಿ ಹಾಕಿದ್ದೇ ಹಾಕಿದ್ದು. ತಂಗಿ ಬಂದದ್ದು ಅಕ್ಕನನ್ನು ನೋಡುವುದಕ್ಕಲ್ಲ, ಕದಿಯುವುದಕ್ಕೆ ಎಂದು ಗೊತ್ತಾದದ್ದು ಥಿಯೇಟರಿನ ಕುರ್ಚಿಯಲ್ಲಿ ಕೂತಾಗ.

ಸೊಂಟಕ್ಕೆ ಕೈ ಕೊಡುವುದು, ಮಾತಿಗೊಮ್ಮೆ "ಅಲ್ಲಾ ರೀ" ಎನ್ನುವುದು, ಸಿಟ್ಟು ಬಂದಾಗ ಹೇರ್‌ಪಿನ್ ಕಿತ್ತು ಹಲ್ಲಲ್ಲಿ ಕಚ್ಚಿಕೊಂಡೇ ಬೈಯುವುದು, ಎಲ್ಲ ಇವಳದೇ. ಅಷ್ಟಕ್ಕೆ ಇವಳೂ ನಕ್ಕಳು, ಸುಳ್ಳು ಯಾಕೆ? ಆಮೇಲೆ ಬಂತು ನೋಡಿ ಆಸ್ಪತ್ರೆಯ ದೃಶ್ಯ. ನಾಯಕನಿಗೆ ಕಾಲು ಉಳುಕಿದೆ, ಅಷ್ಟೇ. ಅದಕ್ಕೆ ನಾಯಕಿ ಒಂದು ಕಾಲಿನ ಚಪ್ಪಲಿ ಬಿಚ್ಚಿ ಕೌಂಟರ್ ಕುಟ್ಟುತ್ತ, "ಹಾಸಿಗೆ ಕೊಡ್ತೀರೋ, ಇಲ್ಲಾ ನಿಮ್ಮ ಈ ಮೇಜಿನ ಮೇಲೇ ಮಲಗಿಸ್ಲೋ?" ಎಂದು ಕಿರುಚುತ್ತಾಳೆ. ಥಿಯೇಟರಿಗೆ ಥಿಯೇಟರೇ ಬಿದ್ದುಬಿದ್ದು ನಕ್ಕಿತು.

ಅಕ್ಕನ ನಗು ಅಲ್ಲಿಗೇ ನಿಂತಿತು. ಆ ಚಪ್ಪಲಿ, ಆ ಮಾತು, ಆ ಕಿರುಚಾಟ ಅವಳದು. ಅಮ್ಮನನ್ನು ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡು, ಹಾಸಿಗೆ ಖಾಲಿ ಇಲ್ಲ ಎಂದವರ ಮುಂದೆ ಅವಳು ಹಾಗೆ ಕಿರುಚಿದ್ದಳು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ತಂಗಿ ಅಮ್ಮನ ಕೈ ಹಿಡಿದು ನಿಂತಿದ್ದಳು. ಹಾಸಿಗೆಯೇನೋ ಸಿಕ್ಕಿತು, ಅಮ್ಮ ಉಳಿಯಲಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪತ್ರಿಕೆಯವರು ತಂಗಿಯ ಅಭಿನಯವನ್ನು ಹೊಗಳಿದ್ದೇ ಹೊಗಳಿದ್ದು. ಆ ಆಸ್ಪತ್ರೆಯ ದೃಶ್ಯವೊಂದಕ್ಕೇ ಚಿತ್ರವನ್ನು ಇನ್ನೊಮ್ಮೆ ನೋಡಬಹುದಂತೆ! ಡ್ರೈವಿಂಗ್ ಸ್ಕೂಲಿನ ಮಾಲೀಕ ಹಲ್ಲು ಕಿರಿಯುತ್ತ, "ಮೇಡಂ, ಸಿನಿಮಾದವರ ಅಸಲಿ ಟೀಚರ್ ನಮ್ಮಲ್ಲೇ ಇದ್ದಾರೆ ಅಂತ ಬೋರ್ಡ್ ಹಾಕ್ಸೋಣ" ಎಂದ. ಅವಳನ್ನು ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆ. ನಾನು ಆಸ್ಪತ್ರೆಯಲ್ಲಿ ಗಂಟಲು ಹರಿದುಕೊಳ್ಳುವಾಗ ನನ್ನ ಬೆನ್ನ ಹಿಂದೆ ತಂಗಿ ನಗುತ್ತ ನಿಂತಿದ್ದಳೇ?

ಕೊನೆಗೆ ತಾಳ್ಮೆ ಕೆಟ್ಟದ್ದು ಹಲ್ಲಿನ ಡಾಕ್ಟರಿಂದ. ನಡುವಯಸ್ಸಿನ ದೊಡ್ಡ ಮನುಷ್ಯರು, ಹೊಸದಾಗಿ ಕಾರು ಕಲಿಯಲು ಬಂದಿದ್ದರು. ತಿರುವಿನಲ್ಲಿ ಸೈಕಲ್ಲಿನ ಮುದುಕ ಅಡ್ಡ ಬಂದಾಗ ಅಕ್ಕ, "ಅಲ್ಲಾ ರೀ, ಬ್ರೇಕ್! ಬ್ರೇಕ್ ಹಾಕ್ರೀ!" ಎಂದು ಕೂಗಿದಳು. ಆ ಮಹಾರಾಯರು ಬ್ರೇಕ್ ಹಾಕುವುದು ಬಿಟ್ಟು ಇವಳ ಕಡೆ ತಿರುಗಿ ಕಿಸಕ್ಕನೆ ನಕ್ಕರು. "ಥೇಟ್ ಸಿನಿಮಾದಲ್ಲಿದ್ದ ಹಾಗೇ ಮೇಡಂ!" ಇವಳ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇದ್ದದ್ದರಿಂದ ಮುದುಕ ಬದುಕಿದ. ಅಕ್ಕ ಡಾಕ್ಟರನ್ನು ಕೆಳಗಿಳಿಸಿ, ನಡೆದುಕೊಂಡು ಹೋಗಿ ಎಂದು ಹೇಳಿ, ಕಾರನ್ನು ನೇರವಾಗಿ ತಂಗಿಯ ಮನೆಗೆ ಓಡಿಸಿದಳು.

ತಂಗಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಸುತ್ತಲೂ ಯಾರ್ಯಾರೋ ಕಳಿಸಿದ ಹೂಗುಚ್ಛ.

"ಅಯ್ಯೋ ಅಕ್ಕಾ! ಬಾ, ಬಾ, ಒಂದು ಫೋನ್ ಆದ್ರೂ..."

"ಮುಚ್ಚು ಬಾಯಿ. ಒಂದೇ ಮಾತು ಕೇಳ್ತೀನಿ, ನಾಟಕ ಮಾಡ್ದೆ ಹೇಳು. ಅವತ್ತು ಆಸ್ಪತ್ರೇಲಿ ನಾನು ಬಡ್ಕೋತಿದ್ದಾಗ ನಿಂಗೆ ನಗು ಬಂದಿತ್ತಾ?"

ತಂಗಿಯ ಮುಖ ಬಾಡಿತು. "ಅದು ಕಥೆ ಬರೆದೋರು..."

"ಕಥೆ ಬರೆದೋನು ಅಲ್ಲಿರ್ಲಿಲ್ಲ ಕಣೇ. ನೀನಿದ್ದೆ."

ತಂಗಿ ತಲೆ ತಗ್ಗಿಸಿದಳು. "ಬಂದಿತ್ತು."

ಸುಳ್ಳು ಹೇಳುತ್ತಾಳೆ, ಹೇಳಿದ ಕೂಡಲೇ ಕಪಾಳಕ್ಕೆ ಬಾರಿಸಬೇಕು ಎಂದು ಅಕ್ಕ ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದಳು. ನಿಜ ಹೇಳಿದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

"ಥೂ, ನಿನ್ನ ಜನ್ಮಕ್ಕಿಷ್ಟು! ಅಮ್ಮ ಅಲ್ಲಿ ಸಾಯ್ತಾ ಬಿದ್ದಿದ್ಲು, ನಿಂಗೆ ನಗು!"

"ಮೊದ್ಲು ನಕ್ಕಿದ್ದು ನಾನಲ್ಲ ಅಕ್ಕಾ. ಅಮ್ಮ."

"ಯಾರು? ಅಮ್ಮನಾ?"

"ನೀನು ಚಪ್ಪಲಿ ಬಿಚ್ಚಿ ಕುಟ್ಟಿದ್ಯಲ್ಲ, ಆವಾಗ ನನ್ನ ಕೈ ಹಿಸುಕಿದ್ಲು. ನೋವು ಜಾಸ್ತಿ ಆಯ್ತೇನೋ ಅಂತ ಬಗ್ಗಿ ನೋಡಿದ್ರೆ ನಗ್ತಿದ್ಲು. 'ನೋಡೇ ನಿಮ್ಮಕ್ಕನ್ನ, ಆಸ್ಪತ್ರೇನೇ ಕೆಡವ್ತಾಳೆ' ಅಂದ್ಲು. ನಂಗೂ ತಡ್ಕೊಳ್ಳಕ್ಕಾಗ್ಲಿಲ್ಲ. ಅಷ್ಟರಲ್ಲಿ ಒಳಗೆ ಕರ್ಕೊಂಡು ಹೋದ್ರು."

ಆಗ ಅಕ್ಕ ಅಮ್ಮನಿಗೆ ಬೆನ್ನು ಹಾಕಿ ನಿಂತಿದ್ದಳು. ಕೂಗಿ ಮುಗಿಸಿ ತಿರುಗುವಷ್ಟರಲ್ಲಿ ಸ್ಟ್ರೆಚರ್ ಹೋಗಿಯಾಗಿತ್ತು. ಆಮೇಲೆ ಅವಳು ನೋಡಿದ್ದು ಬಿಳಿ ಬಟ್ಟೆ ಹೊದೆಸಿದ ಮುಖವನ್ನು.

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಅಮ್ಮನ ಮಾತೆತ್ತಿದ್ರೆ ನೀನು ಎದ್ದು ಹೋಗ್ತಿದ್ದೆ. ಅಮ್ಮ ಹೋಗೋ ಹೊತ್ತಲ್ಲಿ ನಾವಿಬ್ರೂ ನಕ್ವಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಊರಿಗೆಲ್ಲ ತೋರ್ಸೋಕೆ ಬಂತು, ನಂಗೊಂದು ಮಾತು ಹೇಳೋಕೆ ಬರ್ಲಿಲ್ಲ!" ಅಕ್ಕನ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. "ಟಿಕೆಟ್ ಕೊಂಡೋರಿಗೆಲ್ಲ ನಗು, ನಂಗೆ ಮಾತ್ರ ಹೆಣ! ಹೇಗೆ ನಕ್ಲು? ನಾಯಕಿ ತಾನೇ ನೀನು? ಮಾಡಿ ತೋರ್ಸು."

"ನನ್ನಿಂದಾಗಲ್ಲ ಅಕ್ಕಾ."

"ಮಾಡೇ!"

ತಂಗಿ ಸೋಫಾದ ಮೇಲೆ ಮಲಗಿ ಕತ್ತು ಒಂದು ಪಕ್ಕಕ್ಕೆ ವಾಲಿಸಿದಳು. ಕೆಳತುಟಿಯನ್ನು ಹಲ್ಲಿನಡಿ ಎಳೆದುಕೊಂಡಳು. ಕಣ್ಣು ಕಿರಿದಾದವು, ಗಲ್ಲ ನಡುಗಿತು, ಸದ್ದಿಲ್ಲದೆ ಮೂಗಿನಿಂದ ಉಸಿರು ತುಂಡುತುಂಡಾಗಿ ಬಂತು. ಬೇರೆಯವರ ಮುಂದೆ ನಗು ತಡೆಯುವಾಗ ಅಮ್ಮ ಹಾಗೆಯೇ ಮಾಡುತ್ತಿದ್ದಳು.

"ಇನ್ನೊಂದ್ಸಲ ಮಾಡು," ಎಂದು ಅಕ್ಕ ಗದರಿದಳು. "ಸರಿಯಾಗಿ ಕಾಣ್ಲಿಲ್ಲ."