ಬಂಡೆಮ್ಮ ಒಡೆದ ಒಲೆ

ಹೊಸಮನೆಯಲ್ಲಿ ಹಾಲು ಉಕ್ಕಿಸುವ ದಿನ ಹಳೆಯ ಮನೆಯ ಒಲೆಯನ್ನು ಒಡೆದೇ ಹೊರಡಬೇಕು. ಹಿಂದೆ ಒಂದು ಕಿಡಿ ಉಳಿದರೂ ಹೊಸಮನೆ ನಿಮ್ಮನ್ನು ತನ್ನವರೆನ್ನುವುದಿಲ್ಲ. ಯಾದಗಿರಿ ಕಡೆಯ ಬಂಡೆಮ್ಮನಿಗೆ ಇದನ್ನು ಅವಳ ಅತ್ತೆ ಹೇಳಿದ್ದಳು, ಅತ್ತೆಗೆ ಅತ್ತೆಯ ಅತ್ತೆ. ಹಾಗಾಗಿ ಆ ಬೆಳಿಗ್ಗೆ, ದುಡಿಯಲು ಬಂದ ತೆಲುಗರ ಊರಿನಲ್ಲಿ, ಗಚ್ಚಿಬೌಲಿಯಾಚೆಯ ತನ್ನ ಜೋಪಡಿಯಲ್ಲಿ, ಮೂರು ಕಲ್ಲಿನ ಒಲೆಗೆ ಚೆಂಬು ನೀರು ಹೊಯ್ದು, ಕಲ್ಲುಗಳನ್ನು ಕಿತ್ತು, ಕೈಮುಗಿದು ಬದಿಗಿಟ್ಟಳು.

ಕಟ್ಟಡದ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ ಗಂಡ ಮೌನಪ್ಪ ಗೊಣಗಿದ. "ಕೀಲಿ ಕೈಯಾಗ ಬರೂಕಿಂತ ಮೊದಲ ಒಲಿ ಒಡದೀಯಲ್ಲ, ತಲಿ ನೆಟ್ಟಗೈತಿಲ್ಲೊ?"

"ಸುಹಾಸಿನಿ ಅಕ್ಕಾರು ಹೇಳ್ಯಾರ, ಮೊದಲನೇ ಹಾಲು ನೀನಾ ಉಕ್ಕಿಸಬೇಕು ಅಂತ. ಹಾಲು ಉಕ್ಕಿಸಿದವರದಾ ಮನಿ. ಬಾಯಿಮುಚ್ಚಿ ಗಂಟು ಕಟ್ಟು."

ಸುಹಾಸಿನಿ ತಾರ್ನಾಕದ ಸರಕಾರಿ ನೌಕರರ ಮನೆಯವಳು. ರಸ್ತೆಯಾಚೆ ಬಡವರಿಗೆಂದು ಎದ್ದ ಮನೆಗಳಿಗೆ ಪ್ರಚಾರ ಮಾಡುವುದು ಅವಳ ಕೆಲಸ. ಬಂಡೆಮ್ಮ ಎಂಟು ವರ್ಷ ಈ ಊರಿನ ಗಾಜಿನ ಆಫೀಸುಗಳಿಗೆ ಇಟ್ಟಿಗೆ ಹೊತ್ತಿದ್ದಳು. ಅವಳನ್ನು 'ಏ' ಎನ್ನದೆ ಹೆಸರು ಹಿಡಿದು, ಅದೂ ಕನ್ನಡದಲ್ಲಿ ಕರೆದವಳು ಇವಳೊಬ್ಬಳೇ. ನಂಬಲು ಅಷ್ಟು ಸಾಕಾಗಿತ್ತು.

ಆ ಹೊಸ ಕಟ್ಟಡದ ಮೊದಲ ಮಹಡಿಯ ಮನೆಯಲ್ಲಿ ಬಂಡೆಮ್ಮನಿಗೆ ರೇಷ್ಮೆ ಸೀರೆ ಉಡಿಸಿದರು. ಹಾಲು ಉಕ್ಕಿತು. ಪ್ರಚಾರಕ್ಕೆ ಫೋಟೋ ತೆಗೆಯುವ ಅಮೋಲ್ ಅಡ್ಡಡ್ಡ ತಲೆಯಾಡಿಸಿದ: ಸಿಗಲಿಲ್ಲ. ಮತ್ತೆ ಉಕ್ಕಿಸಿದರು. ಮತ್ತೊಮ್ಮೆ.

"ನಗು ಬಂಡೆಮ್ಮ, ಕೀಲಿ ಸಿಕ್ಕವರಂಗ ನಗು," ಅಂದಳು ಸುಹಾಸಿನಿ.

ಬಂಡೆಮ್ಮ ಮನಸಾರೆ ನಕ್ಕಳು. ಆಮೇಲೆ ಸೆರಗು ಒಡ್ಡಿದಳು. "ಕೀಲಿ ಕೊಡ್ರಿ ಅಕ್ಕಾ. ನಮ್ಮವರು ಕೆಳಗ ಗಂಟು ಹಿಡಕೊಂಡು ಕುಂತಾರ."

"ಯಾವ ಕೀಲಿ? ಅರ್ಜಿ ಹಾಕಿದವರಿಗೆ ಚೀಟಿ ಎತ್ತಿ ಮನಿ ಕೊಡ್ತಾರ. ನಿನ್ನ ಹತ್ರ ಇಲ್ಲಿ ರೇಷನ್ ಕಾರ್ಡೂ ಇಲ್ಲ. ನೀ ಫೋಟೋಕ್ಕ ಬಂದಾಕಿ. ಸೀರಿ ಇಟ್ಟುಕೋ, ಭಾಳ ಒಪ್ಪೇದ."

"ಹಾಲು ಉಕ್ಕೇತಲ್ರಿ. ನಾ ಒಲಿ ಒಡದು ಬಂದೀನ್ರಿ."

"ಒಡದು ಬಂದೀಯಾ?" ಸುಹಾಸಿನಿ ಅಮೋಲನತ್ತ ತಿರುಗಿ, ಬಂಡೆಮ್ಮನಿಗೂ ಅರ್ಥವಾಗುವ ಹಿಂದಿಯಲ್ಲಿ ಹೇಳಿದಳು: ಇದನ್ನೂ ಬರೆದುಕೋ, ಹಳೆಯ ಜೋಪಡಿಯನ್ನು ತಾವೇ ಖುಷಿಯಿಂದ ಬಿಟ್ಟುಬಂದರು ಅಂತ.

ಗಂಡನನ್ನು ಹೆಗಲಿಗಾನಿಸಿಕೊಂಡು ಬಂಡೆಮ್ಮ ಮರಳುವಷ್ಟರಲ್ಲಿ ಜೋಪಡಿಯಿಂದ ಹೊಗೆ ಏಳುತ್ತಿತ್ತು. ಅಂದೇ ರಾಯಚೂರಿನಿಂದ ಬಂದ ಹೆಂಗಸೊಬ್ಬಳು ಅದೇ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದಳು. ರೇಷ್ಮೆ ಸೀರೆ ಕಂಡವಳೇ ಹಿಟ್ಟಿನ ಕೈ ಮುಗಿದು ಎದ್ದುನಿಂತಳು.

"ಬಾಯಾರ, ಅಲ್ಲಿ ಬಡವರಿಗೆ ಮನಿ ಕೊಡಾಕತ್ತಾರಂತಲ್ರಿ. ನಮಗೂ ಒಂದು ಕೊಡಸ್ರಿ."

ಮೌನಪ್ಪ ಬಾಯಿ ತೆರೆದ. ಬಂಡೆಮ್ಮ ಅವನ ರಟ್ಟೆ ಹಿಂಡಿದಳು.

"ಹೆಸರೇನವ್ವಾ?"

"ಶಿವಗಂಗಾ ರೀ."

"ಶಿವಗಂಗಾ," ಬಂಡೆಮ್ಮ ಜೇನಿನಂತೆ ಕರೆದಳು, "ಮೊದಲನೇ ಹಾಲು ನೀನಾ ಉಕ್ಕಿಸಬೇಕು. ಈಗಾ ಹೋಗು, ಸುಹಾಸಿನಿ ಅಕ್ಕಾರು ಅಲ್ಲೇ ಅದಾರ. ಆದ್ರ ಹಳೀ ಒಲಿ ಉಳಿಸಿ ಹೋದವರಿಗೆ ಹೊಸಮನಿ ಒಲಿಯಂಗಿಲ್ಲ. ಆರಿಸು, ಗಂಟು ಕಟ್ಟು."

ಶಿವಗಂಗಾಳ ಮುಖ ಅರಳಿತು. ಹೆಂಚಿನ ಮೇಲಿನ ರೊಟ್ಟಿ ಅರೆಬೆಂದಿರುವಾಗಲೇ ಅವಳು ನೀರಿನ ಚೆಂಬಿಗೆ ಕೈಹಾಕಿದಳು.