ಭಾವನ ಭೂತಗನ್ನಡಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಯಾರನ್ನೂ ಎರಡು ಕಣ್ಣಿನಿಂದ ನೋಡಿದವರಲ್ಲ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕಿರಿದುಮಾಡಿ, ಕತ್ತನ್ನು ಕೊಂಚ ವಾಲಿಸಿ ಅವರು ಎದುರು ನಿಂತರೆ, ನಮ್ಮ ವಂಶದ ಕುಂದುಗಳೆಲ್ಲ ಮೂಗಿನ ತುದಿಗೆ ಬಂದು ಕುಳಿತಂತಾಗುತ್ತಿತ್ತು. ಕಪ್ಪು ಕೋಟಿನ ಮೇಲ್ಜೇಬಿನಲ್ಲಿ ಭೂತಗನ್ನಡಿ, ನಡಿಗೆಯಲ್ಲಿ ನೆಲದ ಧೂಳನ್ನೂ ನೋಯಿಸದ ನಾಜೂಕು, ಬಾಯಲ್ಲಿ ಸದಾ ಒಂದೇ ಮಾತು: "ಇದೆ, ಏನೋ ಇದೆ." ನನ್ನ ಮೊದಲ ಹಾಸ್ಯಲೇಖನ ಓದಿದಾಗಲೂ ಹಾಗೇ ಅಂದರು. ಹೊಗಳಿಕೆಯೆಂದು ನಾನು ಹಿಗ್ಗಿದ್ದೆ.

ನಮ್ಮ ಮೂವರದೂ ಒಂದೇ ಕಾರ್ಖಾನೆ, ದುಬಾರಿ ಕೈಗಡಿಯಾರಗಳದು. ಅಕ್ಕ ಡಯಲುಗಳಿಗೆ ಗಾಜಿನ ಪುಡಿಯ ಲೇಪ ಕೊಟ್ಟು ಕುಲುಮೆಯಲ್ಲಿ ಸುಡುವವಳು. ಭಾವ ಅವನ್ನು ಪರೀಕ್ಷಿಸುವವರು. ನಾನು ಜಾಹೀರಾತಿನಲ್ಲಿ ಅವನ್ನು ಹೊಗಳುವವನು, ಅಂದರೆ ಮೂವರಲ್ಲಿ ಕೆಲಸವಿಲ್ಲದವನು. ಬೆಂಕಿಯಿಂದ ಎದ್ದುಬಂದ ಡಯಲುಗಳಲ್ಲಿ ಒಂದಕ್ಕೆ ತುಸು ಹಾಲುಬಣ್ಣ, ಇನ್ನೊಂದಕ್ಕೆ ತುಸು ನೀಲಿಛಾಯೆ; ಲೇಪದ ಅಲೆಯೂ ಒಂದೊಂದರದು ಒಂದೊಂದು ಬಗೆ. ಅದು ಕೈಕೆಲಸದ ಸಹಜ ವೈವಿಧ್ಯ, ದೋಷವಲ್ಲ. ಕೂದಲೆಳೆಯ ಬಿರುಕು, ಸೊಟ್ಟಗೆ ಕೂತ ಗಂಟೆಯ ಗೆರೆ, ಎದ್ದುಬಂದು ಮುಳ್ಳಿಗೆ ಸಿಕ್ಕಬಹುದಾದ ಚೂರು, ಇವು ದೋಷ. ಆದ್ದರಿಂದಲೇ ಕಾರ್ಖಾನೆಯ ಕಟ್ಟಳೆ: ಮೊದಲು ಡಯಲನ್ನು ಕೈಚಾಚಿ ಹಿಡಿದು ಬರಿಗಣ್ಣಲ್ಲಿ ನೋಡಬೇಕು, ಅನುಮಾನ ಬಂದರೆ ಮಾತ್ರ ಭೂತಗನ್ನಡಿ. ಭೂತಗನ್ನಡಿ ಹಿಡಿದರೆ ಮಲ್ಲಿಗೆಯ ಮುಖದಲ್ಲೂ ಸಿಡುಬಿನ ಕಲೆ.

ಒಂದು ವರ್ಷ ಭಾವ ನೇರವಾಗಿ ಭೂತಗನ್ನಡಿಗೇ ಕಣ್ಣು ಹಚ್ಚತೊಡಗಿದರು. ಅಕ್ಕನ ಡಯಲುಗಳು ರಾಶಿರಾಶಿಯಾಗಿ ವಾಪಸಾದವು. "ಹೆಂಡತಿ ಅಂತ ದಾಕ್ಷಿಣ್ಯ ಇಲ್ಲ ನೋಡಿ ಆ ಮನುಷ್ಯನಿಗೆ!" ಎಂದು ಎಲ್ಲರೂ ಕೊಂಡಾಡಿದರು, ನಾನೂ ತಲೆಯಾಡಿಸಿದೆ. ಕಡೆಗೆ ಕಾರ್ಖಾನೆಯ ಯಜಮಾನಿ ಗಂಡಹೆಂಡಿರಿಬ್ಬರನ್ನೂ ಕರೆಸಿದರು.

"ಕೈ ನಡುಗ್ತಿರಬೇಕಮ್ಮ, ವಯಸ್ಸಲ್ವಾ," ಎಂದರು ಅಕ್ಕನಿಗೆ. "ಕುಲುಮೆ ಸಾಕು, ಇನ್ನು ಪೆಟ್ಟಿಗೆ ಕಟ್ಟೋ ಕೋಣೇಲಿ ಕೂತ್ಕೋ."

ಅಕ್ಕ ಗಂಡನ ಮುಖ ನೋಡಿದಳು. ಅವರು ತಮ್ಮ ಕೋಟಿನ ಗುಂಡಿ ನೋಡಿಕೊಂಡರು.

"ತಪ್ಪು ಎಲ್ಲಿದೆ ಅಂತ ಅವರೇ ತೋರಿಸ್ಲಿ ಮೇಡಂ. ಆ ಭೂತಗನ್ನಡಿ ಕೆಳಗಿಟ್ಟು," ಎಂದಳು ಅಕ್ಕ.

ಭಾವ ಮೇಜಿನಿಂದ ಒಂದು ಡಯಲನ್ನೆತ್ತಿ ಕೈಚಾಚಿದರು. "ಇದೆ, ಏನೋ ಇದೆ... ಹನ್ನೆರಡರ ಪಕ್ಕ, ಚುಕ್ಕೆ." ಬೆರಳಿಟ್ಟದ್ದು ಆರರ ಗೆರೆಯ ಪಕ್ಕ. ಡಯಲು ತಲೆಕೆಳಗಾಗಿತ್ತು; ಹನ್ನೆರಡರ ಬುಡದಲ್ಲಿ ಬರೆದ ಕಾರ್ಖಾನೆಯ ಹೆಸರು ಅವರ ಹೆಬ್ಬೆರಳ ಬಳಿ ಶೀರ್ಷಾಸನ ಹಾಕಿತ್ತು. ಬಾಗಿಲಲ್ಲಿ ನಿಂತಿದ್ದ ನನಗೂ ಅದು ಕಂಡಿತು.

ಯಾರೂ ನಗಲಿಲ್ಲ, ನಗಿಸುವುದೇ ಕಸುಬಾದ ನಾನು ಗೋಡೆ ನೋಡಿದೆ. ಅಕ್ಕ ಅವರ ಕೈಯಿಂದ ಡಯಲು ಬಿಡಿಸಿಕೊಂಡು ಮೇಜಿನ ಮೇಲೆ ನೆಟ್ಟಗಿಟ್ಟಳು.

"ಕಣ್ಣಿಗೆ ಪೊರೆ ಬಂದಿದೆ," ಎಂದರು ಭಾವ, ನೆಲಕ್ಕೆ. "ಭೂತಗನ್ನಡಿ ಇಲ್ದಿದ್ರೆ ಎಲ್ಲಾ ಹೊಗೆ."

"ಬರಲಿ ಬಿಡಿ, ಕಣ್ಣಿದ್ದವರಿಗೆಲ್ಲ ಬರುತ್ತೆ. ನನ್ನ ಕೈ ನಡುಗುತ್ತೆ ಅಂದಾಗ ಸುಮ್ನೆ ನಿಂತಿದ್ರಲ್ಲಾ ರೀ?"

ಭಾವನ ಮುಖ ಕಿವಿಯವರೆಗೂ ಕೆಂಪೇರಿತು.

ಅಕ್ಕ ಕುಲುಮೆಗೆ ಮರಳಿದಳು. ಭಾವ ಪೊರೆ ತೆಗೆಸಿಕೊಂಡ ಮೇಲೆ ಯಜಮಾನಿ ಹಳೆಯ ಕುರ್ಚಿಗೇ ಕರೆದರು, ಹೋಗಲಿಲ್ಲ. ಪೆಟ್ಟಿಗೆ ಕಟ್ಟುವ ಕೋಣೆಯನ್ನು ತಾವೇ ಕೇಳಿ ಪಡೆದರು. ಅಕ್ಕ ಆ ಬಾಗಿಲ ಮುಂದೆ ಹಾದಾಗಲೆಲ್ಲ, ದಾರ ಬಿದ್ದಿತೇನೋ ಎಂಬಂತೆ ಮೇಜಿನ ಕೆಳಗೆ ಬಗ್ಗುತ್ತಾರೆ.

ಇಂಥವರನ್ನು ಕೆಟ್ಟವರೆನ್ನಲು ನನಗೆ ನಾಲಿಗೆ ಹೊರಳದು. ಹೆರವರ ಕುಂದು ಹುಡುಕಿ ಹೆಸರು ಗಳಿಸಿದವರಿಗೆ ತಮ್ಮದೊಂದು ಕುಂದನ್ನು ಒಪ್ಪುವುದು ಮರಣಸಮಾನ. ಅದರ ಬದಲು ಲೋಕವೇ ಕೆಟ್ಟಿದೆಯೆಂದು ತೀರ್ಪು ಕೊಟ್ಟುಬಿಡುತ್ತಾರೆ. ಲೋಕವಂತೂ ಕೈಗೆ ಸಿಕ್ಕುವಂಥದಲ್ಲ, ಏಟು ಮಗ್ಗುಲಲ್ಲಿದ್ದವರಿಗೆ ಬೀಳುತ್ತದೆ. ಅದನ್ನು ನಿಷ್ಠುರ ಪ್ರಾಮಾಣಿಕತೆಯೆಂದು ಕರೆದು ಚಪ್ಪಾಳೆ ತಟ್ಟಲು ನಮ್ಮಂಥ ನೆಂಟರು ಇದ್ದೇ ಇರುತ್ತೇವೆ.